ಚಂಡಮಾರುತ ಬರುವ ಮುಂಚೆ ಗರಗಸ ಯಾವಾಗ ಕೆಳಗಿಡಬೇಕು?

ಪ್ರಶ್ನೆ: ಫ್ಲಾರಿಡಾದ ಟ್ಯಾಂಪಾದಲ್ಲಿ ಮರ ಸವರುವ, ಕಡಿಯುವ ಒಂದು ಚಿಕ್ಕ ಕಂಪನಿಯ ಆಫೀಸು ನೋಡಿಕೊಳ್ಳುತ್ತೇನೆ. ಯಾರನ್ನು ಯಾವ ಕೆಲಸಕ್ಕೆ ಕಳಿಸಬೇಕು ಅನ್ನುವುದು ನನ್ನ ಜವಾಬ್ದಾರಿ. 2024ರಲ್ಲಿ ಹೆಲೀನ್, ಮಿಲ್ಟನ್ ಚಂಡಮಾರುತಗಳು ಒಂದರ ಹಿಂದೆ ಒಂದು ಬಂದಾಗ ಫೋನ್ ನಿಲ್ಲಲೇ ಇಲ್ಲ. "ಇವತ್ತೇ ಬಂದು ಕಡಿದುಹೋಗಿ" ಅಂತ ಎಲ್ಲರದೂ ಒಂದೇ ಒತ್ತಾಯ. ನಮ್ಮ ಹುಡುಗರೂ ನಾಲ್ಕು ಕಾಸು ಸಿಗುತ್ತದೆ ಎಂದು ಕೊನೇ ಗಳಿಗೆವರೆಗೂ ಮರದ ಮೇಲಿರಲು ರೆಡಿ. ಕೆಲಸ ಯಾವಾಗ ನಿಲ್ಲಿಸಬೇಕು ಸರ್? ಆಮೇಲೆ ಹೇಗೆ ಶುರು ಮಾಡಬೇಕು?

ಉತ್ತರ: ನೇರವಾಗಿ ಹೇಳುತ್ತೇನೆ. ಅಮೆರಿಕದ ರಾಷ್ಟ್ರೀಯ ಚಂಡಮಾರುತ ಕೇಂದ್ರ ನಿಮ್ಮ ಜಾಗಕ್ಕೆ 'ವಾಚ್', ಅಂದರೆ ಚಂಡಮಾರುತ ಬರಬಹುದು ಎಂಬ ಸೂಚನೆ, ಹೊರಡಿಸಿದ ಕೂಡಲೇ ಹೊಸ ಕೆಲಸ ಬಂದ್ ಮಾಡಿ. ಜೋರು ಗಾಳಿ ಶುರುವಾಗುವ ಸುಮಾರು 48 ಗಂಟೆ ಮೊದಲು ವಾಚ್ ಬರುತ್ತದೆ, 36 ಗಂಟೆ ಮೊದಲು 'ವಾರ್ನಿಂಗ್', ಅಂದರೆ ಬರುವ ನಿರೀಕ್ಷೆಯೇ ಇದೆ ಎಂಬ ಎಚ್ಚರಿಕೆ. ಆ ಹೊತ್ತು ನಿಮ್ಮ ಹುಡುಗರಿಗೆ ಸೇರಿದ್ದು. ಅವರೂ ಕಿಟಕಿಗೆ ಪ್ಲೈವುಡ್ ಹೊಡೆಯಬೇಕು. ಮಕ್ಕಳನ್ನು, ವಯಸ್ಸಾದವರನ್ನು ಕರೆದುಕೊಂಡು ಹೊರಡಬೇಕಾಗಬಹುದು. ಮನೆ ಚಿಂತೆ ತಲೆಯಲ್ಲಿಟ್ಟುಕೊಂಡು ಮರ ಹತ್ತಿದವನ ಕೈ ನಿಖರವಾಗಿ ಓಡುವುದಿಲ್ಲ.

ಇನ್ನೊಂದು ವಿಷಯ ಜನ ಯೋಚಿಸುವುದೇ ಇಲ್ಲ. ಕೊನೇ ದಿನ ಕಡಿದ ಕೊಂಬೆ ಎಲ್ಲಿಗೆ ಹೋಗುತ್ತದೆ? ರಸ್ತೆ ಬದಿಗೆ, ಅಲ್ವಾ? ಹೆಲೀನ್ ಬಂದದ್ದು ಸೆಪ್ಟೆಂಬರ್ 26ರ ರಾತ್ರಿ. ಮಿಲ್ಟನ್ ಸರಸೋಟ ಪಕ್ಕದ ಸಿಯೆಸ್ಟಾ ಕೀ ದ್ವೀಪಕ್ಕೆ ಅಪ್ಪಳಿಸಿದ್ದು ಅಕ್ಟೋಬರ್ 9ರ ರಾತ್ರಿ. ನಡುವೆ ಎರಡು ವಾರವೂ ಇರಲಿಲ್ಲ. ಮೊದಲನೆಯದು ಬಿಟ್ಟುಹೋದ ರಾಶಿ ಬೀದಿಯಲ್ಲಿ ಇರುವಾಗಲೇ ಎರಡನೆಯದು ಬಂತು. ಆ ರಾಶಿ ಗಾಳಿಗೆ ಹಾರಿದರೆ ಏನು ಗತಿ ಎಂದು ಹಗಲು ರಾತ್ರಿ ಲಾರಿ ಓಡಿಸಿ ಸಾಗಿಸಬೇಕಾಯಿತು. ಮರದ ಮೇಲಿದ್ದ ಕೊಂಬೆ ಬೀಳಬಹುದು, ಬೀಳದೆಯೂ ಇರಬಹುದು. ಕಡಿದು ಕೆಳಗೆ ಹಾಕಿದ ಕೊಂಬೆಯನ್ನು ಹಿಡಿದುಕೊಳ್ಳಲು ಏನೂ ಇಲ್ಲ.

ಚಂಡಮಾರುತಕ್ಕೆ ತಯಾರಿ ಮಾಡಬೇಕಾದ ಕಾಲ ಚಳಿಗಾಲ. ಸೀಸನ್ ಜೂನ್ 1ರಿಂದ ನವೆಂಬರ್ 30ರವರೆಗೆ. ಅದಕ್ಕಿಂತ ಮುಂಚೆಯೇ ಗಿರಾಕಿಗಳ ಮರಗಳನ್ನು ಒಂದು ಸುತ್ತು ನೋಡಿ ಬನ್ನಿ. ಫ್ಲಾರಿಡಾ ವಿಶ್ವವಿದ್ಯಾಲಯದವರು ಒಂದೊಂದು ಚಂಡಮಾರುತದ ನಂತರವೂ ಬಿದ್ದ ಮರ, ನಿಂತ ಮರ ಲೆಕ್ಕ ಹಾಕಿದ್ದಾರೆ. ಲೈವ್ ಓಕ್, ಬಾಲ್ಡ್ ಸೈಪ್ರೆಸ್, ಸೇಬಲ್ ಪಾಮ್ ಚೆನ್ನಾಗಿ ತಡೆಯುತ್ತವೆ. ಲಾರೆಲ್ ಓಕ್, ವಾಟರ್ ಓಕ್ ಬೇಗ ಬೀಳುತ್ತವೆ. ಮನೆ ಪಕ್ಕದಲ್ಲಿ ವಯಸ್ಸಾದ ಲಾರೆಲ್ ಓಕ್ ಇರುವವರ ಪಟ್ಟಿ ಮಾಡಿ, ಜನವರಿಯಲ್ಲೇ ನೀವಾಗಿ ಫೋನ್ ಮಾಡಿ. ಸಮ ದಪ್ಪದ ಎರಡು ಕವಲು ಒತ್ತಾಗಿ ಬೆಳೆದು, ನಡುವೆ ತೊಗಟೆ ಸಿಕ್ಕಿಕೊಂಡಿದ್ದರೆ ಅದು ಸೀಳುವ ಜಾಗ. ಮರ ಚಿಕ್ಕದಿರುವಾಗಲೇ ಒಂದು ಕವಲನ್ನು ಹಿಂದಕ್ಕೆ ಕತ್ತರಿಸಬೇಕು. ಗಾಳಿ ಆಡಲಿ ಎಂದು ಒಳಗಿನ ರೆಂಬೆಗಳನ್ನೆಲ್ಲ ಬೋಳಿಸುವುದು ಮಾತ್ರ ಬೇಡವೇ ಬೇಡ. ಭಾರವೆಲ್ಲ ತುದಿಗೆ ಹೋಗಿ ಕೊಂಬೆ ಇನ್ನೂ ಸುಲಭವಾಗಿ ಮುರಿಯುತ್ತದೆ.

ವಾಚ್ ಬಂದ ದಿನ ಆಫೀಸಿನ ಕೆಲಸ ಇಷ್ಟೇ. ಎಲ್ಲ ಗಾಡಿಗಳಿಗೂ ಡೀಸೆಲ್ ತುಂಬಿಸಿ, ಕರೆಂಟ್ ಹೋದರೆ ಬಂಕ್ ಪಂಪು ನಡೆಯುವುದಿಲ್ಲ. ಗಾಡಿಗಳನ್ನು ನೀರು ನುಗ್ಗದ ಎತ್ತರದಲ್ಲಿ, ಮರಗಳಿಂದ ದೂರ ನಿಲ್ಲಿಸಿ. ಗರಗಸಗಳ ಚೈನ್ ಮಸೆದಿಡಿ. ಎಲ್ಲರ ಫೋನ್ ನಂಬರು, ಯಾರು ಎಲ್ಲಿ ಉಳಿಯುತ್ತಾರೆ ಎಂಬುದು ಕಾಗದದ ಮೇಲೆ ಇರಲಿ.

ಗಾಳಿ ನಿಂತ ಮೇಲೆ ನಿಜವಾದ ಅಪಾಯ. ತಂತಿ ಸಿಕ್ಕಿಕೊಂಡ ಮರವನ್ನು ಮುಟ್ಟುವಂತಿಲ್ಲ. ಊರೆಲ್ಲ ಕತ್ತಲಿದ್ದರೂ ಪಕ್ಕದ ಮನೆಯ ಜನರೇಟರ್‌ನಿಂದ ಲೈನಿಗೆ ಕರೆಂಟ್ ಹಿಮ್ಮುಖವಾಗಿ ಬರಬಹುದು. ವಿದ್ಯುತ್ ಕಂಪನಿಯವರು ಬಂದು ಲೈನ್ ಸತ್ತಿದೆ ಎಂದು ಹೇಳುವವರೆಗೆ ಅದು ಜೀವಂತ ತಂತಿ ಎಂದೇ ತಿಳಿಯಿರಿ.

ಬಿದ್ದ ಮರ ಸುಮ್ನೆ ಮಲಗಿದಂತೆ ಕಂಡರೂ ಒಳಗೆ ಬಿಗಿತ ತುಂಬಿರುತ್ತದೆ. ಬಿಲ್ಲಿನಂತೆ ಬಾಗಿ ಸಿಕ್ಕಿಕೊಂಡ ಕೊಂಬೆಯನ್ನು ತಪ್ಪು ಬದಿಯಿಂದ ಕೊಯ್ದರೆ ಮುಖಕ್ಕೇ ಚಿಮ್ಮುತ್ತದೆ, ಇಲ್ಲವೇ ಗರಗಸವನ್ನು ಕಚ್ಚಿಕೊಳ್ಳುತ್ತದೆ. ಅದುಮಿದ ಬದಿಯಲ್ಲಿ (ಬಾಗಿದ ಒಳಮೈ) ಮೊದಲು ಸ್ವಲ್ಪ ಕೊಯ್ದು, ಆಮೇಲೆ ಎಳೆತ ಇರುವ ಬದಿಯಿಂದ (ಹೊರಮೈ) ನಿಧಾನವಾಗಿ ಬರಬೇಕು. ಬೇರು ಸಮೇತ ಮಗುಚಿದ ಮರದ ಕಾಂಡ ತುಂಡಾದ ಕೂಡಲೇ ಬುಡ ಒಮ್ಮೆಲೇ ಎದ್ದು ಹಳ್ಳಕ್ಕೆ ಕೂರಬಹುದು. ಆ ಗುಂಡಿಯಲ್ಲಿ ಯಾರೂ ಇರಬಾರದು, ಮಕ್ಕಳಂತೂ ಹತ್ತಿರ ಸುಳಿಯಬಾರದು. ಮೇಲೆ ನೇತಾಡುವ ಮುರಿದ ಕೊಂಬೆ ಇದ್ದರೆ ಅದರ ಕೆಳಗೆ ಕೆಲಸವೇ ಬೇಡ.

ಇಷ್ಟೆಲ್ಲ ಗೊತ್ತಿರುವವರೂ ದಣಿದಾಗ ತಪ್ಪುತ್ತಾರೆ. ಅದಕ್ಕೇ ನಿಮ್ಮ ಕುರ್ಚಿ ದೊಡ್ಡದು. ವಾರಕ್ಕೆ ಒಂದು ದಿನ ರಜೆ ಕಡ್ಡಾಯವಾಗಿ ಕೊಡಿ. ಬಿಸಿಲಲ್ಲಿ 15–20 ನಿಮಿಷಕ್ಕೊಮ್ಮೆ ನೀರು ಕುಡಿಸಿ. ಒಬ್ಬನನ್ನೇ ಎಲ್ಲಿಗೂ ಕಳಿಸಬೇಡಿ. ಮನೆ ಮೇಲೆ ಬಿದ್ದ ಮರ, ಆಸ್ಪತ್ರೆ ದಾರಿ ಮೊದಲು. ಅಂಗಳದ ಸೌದೆ ರಾಶಿ ಮುಂದಿನ ತಿಂಗಳಿಗೂ ಅಲ್ಲೇ ಇರುತ್ತದೆ ಎಂದು ಗಿರಾಕಿಗೆ ಧೈರ್ಯವಾಗಿ ಹೇಳಿ.

ಪ್ರಶ್ನೆ: ಒರ್ಲ್ಯಾಂಡೊದಲ್ಲಿ ನಮ್ಮ ಪಕ್ಕದ ಮನೆಯವರು ಸೀಸನ್ ಶುರುವಾಗುವ ಮುಂಚೆ ಪಾಮ್ ಮರದ ಗರಿಗಳನ್ನೆಲ್ಲ ತೆಗೆಸುತ್ತಾರೆ. ನಾವೂ ಹಾಗೇ ಮಾಡಬೇಕಾ?

ಉತ್ತರ: ಬೇಡ. ಹಸಿರು ಗರಿಯೇ ಮರದ ಊಟ. ಎಲ್ಲ ತೆಗೆದರೆ ಸೋಲುತ್ತದೆ, ಸುಳಿ ಬಯಲಾಗುತ್ತದೆ. ಒಣಗಿದ ಗರಿ, ಕಾಯಿಗೊಂಚಲು ತೆಗೆಸಿದರೆ ಸಾಕು.

ಪ್ರಶ್ನೆ: ಚೈನ್‌ಸಾ ಬಾಡಿಗೆಗೆ ಸಿಗುತ್ತದೆ. ಬಿದ್ದ ಮರವನ್ನು ನಾನೇ ಕತ್ತರಿಸಬಹುದಾ?

ಉತ್ತರ: ನೆಲದಲ್ಲಿ ಬಿಡಿಯಾಗಿ ಬಿದ್ದ ಸಣ್ಣ ಕೊಂಬೆ, ನಿಮ್ಮ ಎರಡೂ ಕಾಲು ನೆಲದ ಮೇಲೆ, ಕಣ್ಣಿಗೆ ಕನ್ನಡಕ, ಜೊತೆಗೊಬ್ಬರು. ಅಷ್ಟಾದರೆ ಸರಿ. ಏಣಿ ಹತ್ತಿ ಚೈನ್‌ಸಾ ಹಿಡಿಯಬೇಡಿ, ಭುಜಕ್ಕಿಂತ ಮೇಲೆ ಎತ್ತಬೇಡಿ. ಉಳಿದದ್ದಕ್ಕೆ ಕೆಲಸದವರನ್ನು ಕರೆಯಿರಿ. ಬಾಗಿಲು ತಟ್ಟಿ ಬಂದವರಾದರೆ ಇನ್ಶೂರೆನ್ಸ್ ಕಾಗದ ಕೇಳಿ, ಅದರಲ್ಲಿರುವ ಕಂಪನಿಗೇ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ, ರೇಟು ಬರೆಸಿಕೊಳ್ಳಿ. ಪೂರ್ತಿ ಹಣ ಮೊದಲೇ ಕೊಡಬೇಡಿ.