ಕಷ್ಟದ ಆಯಿಲ್ ಇರುವ ಲೇನ್‌ನಲ್ಲಿ ಲೀಗ್ ಆಡುವುದು ಹೇಗೆ?

ಪ್ರಶ್ನೆ: ಸರ್, ನಾನು ಬೀದರ್‌ನವನು. ಭಾನುವಾರ ಹೈದರಾಬಾದ್‌ಗೆ ಹೋಗಿ ಟೆನ್‌ಪಿನ್ ಬೌಲಿಂಗ್ ಲೀಗ್ ಆಡುತ್ತೇನೆ. ಬಲಗೈ ಆಟ. ಮಾಮೂಲಿ ಲೇನ್‌ನಲ್ಲಿ ಸರಾಸರಿ 170ರ ಆಸುಪಾಸು ಇತ್ತು. ಲೇನ್ ಮೇಲೆ ಆಯಿಲ್ ಹಚ್ಚುವ ವಿನ್ಯಾಸಕ್ಕೆ ಪ್ಯಾಟರ್ನ್ ಅನ್ನುತ್ತಾರೆ. ಈ ಸಲ 43 ಅಡಿ ಉದ್ದದ, ಕಷ್ಟದ ಸ್ಪೋರ್ಟ್ ಪ್ಯಾಟರ್ನ್ ಹಾಕಿದ್ದಾರೆ. 140 ದಾಟುವುದೇ ಕಷ್ಟ ಆಗಿದೆ. ಒಮ್ಮೆ ಬಾಲ್ ತಿರುಗುವುದೇ ಇಲ್ಲ, ಇನ್ನೊಮ್ಮೆ ಹೆಡ್ ಪಿನ್ (ಎಲ್ಲಕ್ಕಿಂತ ಮುಂದಿರುವ ಪಿನ್) ದಾಟಿ ಎಡಕ್ಕೆ ಹೋಗುತ್ತದೆ. ಜೊತೆಯವರು ‘ಜಾಸ್ತಿ ಹುಕ್ ಆಗುವ (ತಿರುಗುವ) ಹೊಸ ಬಾಲ್ ತಗೋ’ ಅನ್ನುತ್ತಾರೆ. ತಗೊಳ್ಳಲೇ? ವಾರದ ನಡುವೆ ಅಭ್ಯಾಸಕ್ಕೆ ನನಗೆ ಲೇನ್ ಸಿಗುವುದಿಲ್ಲ.

ಉತ್ತರ: ಈಗಲೇ ಬೇಡ. ನಿಮ್ಮ 30 ಪಿನ್ (ಅಂದರೆ 30 ಅಂಕ) ಎಲ್ಲಿ ಹೋಯಿತು ಅಂತ ಮೊದಲು ಹುಡುಕೋಣ.

ಎಸೆಯುವಾಗ ದಾಟಬಾರದ ಗೆರೆ, ಅಂದರೆ ಫೌಲ್ ಲೈನ್‌ನಿಂದ ಹೆಡ್ ಪಿನ್‌ಗೆ 60 ಅಡಿ. ಅಡ್ಡಕ್ಕೆ 39 ಬೋರ್ಡ್ (ಉದ್ದುದ್ದ ಹಲಗೆ ಪಟ್ಟಿ). ಮಾಮೂಲಿ ಹೌಸ್ ಪ್ಯಾಟರ್ನ್‌ನಲ್ಲಿ ನಡುವೆ ಆಯಿಲ್ ದಪ್ಪ, ಅಂಚಿನಲ್ಲಿ ತೀರಾ ತೆಳು. ಬಾಲ್ ಬಲಕ್ಕೆ ತಪ್ಪಿದರೆ ಒಣ ಜಾಗ ಅದನ್ನು ವಾಪಸ್ ತರುತ್ತದೆ. ಎಡಕ್ಕೆ ತಪ್ಪಿದರೆ ನಡುವಿನ ಆಯಿಲ್ ತಡೆದು ಹಿಡಿಯುತ್ತದೆ. ಎರಡು ಮೂರು ಬೋರ್ಡ್ ಆಚೀಚೆ ಆದರೂ ಪಾಕೆಟ್ (ಹೆಡ್ ಪಿನ್‌ಗೂ ಅದರ ಬಲಗಡೆಯ ಪಿನ್‌ಗೂ ನಡುವಿನ ಜಾಗ) ಸಿಗುತ್ತದೆ. ಸ್ಪೋರ್ಟ್ ಪ್ಯಾಟರ್ನ್‌ನಲ್ಲಿ ನಡುವಿಗೂ ಅಂಚಿಗೂ ಅಷ್ಟು ವ್ಯತ್ಯಾಸ ಇರುವುದಿಲ್ಲ. ಬಲಕ್ಕೆ ತಪ್ಪಿದ್ದು ಬಲದಲ್ಲೇ ಉಳಿಯುತ್ತದೆ, ಎಡಕ್ಕೆ ತಪ್ಪಿದ್ದು ಹೆಡ್ ಪಿನ್ ದಾಟುತ್ತದೆ. ನೀವು ಬರೆದಿರುವುದು ಇದನ್ನೇ ಅಲ್ವಾ? ನಿಮ್ಮ ಎಸೆತ ಕೆಟ್ಟಿಲ್ಲ. ಮೊದಲೂ ಆಗುತ್ತಿದ್ದ ತಪ್ಪನ್ನು ಲೇನ್ ತಿದ್ದಿಕೊಡುತ್ತಿತ್ತು, ಈಗ ತಿದ್ದುತ್ತಿಲ್ಲ. ಹುಕ್ ಜಾಸ್ತಿ ಇರುವ ಬಾಲ್ ತಂದರೆ ಅದೇ ತಪ್ಪು ಇನ್ನೂ ದೊಡ್ಡದಾಗಿ ಕಾಣುತ್ತದೆ.

ಈಗ ಒಂದು ಲೆಕ್ಕ ನೋಡಿ. ಆಟಕ್ಕೆ 10 ಫ್ರೇಮ್, ಒಂದೊಂದಕ್ಕೆ ಎರಡು ಎಸೆತ. ಪ್ರತಿ ಫ್ರೇಮ್‌ನಲ್ಲೂ 9 ಬೀಳಿಸಿ ಉಳಿದ ಒಂದನ್ನು ಬಿಟ್ಟರೆ ಸ್ಕೋರ್ 90. ಅದೇ 9 ಬೀಳಿಸಿ ಪ್ರತಿ ಸಲ ಸ್ಪೇರ್ ಮಾಡಿದರೆ (ಉಳಿದದ್ದನ್ನು ಎರಡನೇ ಎಸೆತದಲ್ಲಿ ಬೀಳಿಸಿದರೆ), ಮುಂದಿನ ಎಸೆತದ ಪಿನ್‌ಗಳೂ ಸೇರಿ 190. ಒಂದೇ ಒಂದು ಸ್ಟ್ರೈಕ್ (ಮೊದಲ ಎಸೆತಕ್ಕೇ ಹತ್ತೂ ಬೀಳುವುದು) ಇಲ್ಲದೆ! ಅಂದರೆ ಒಂದು ಸ್ಪೇರ್‌ಗೆ ಸುಮಾರು 10 ಪಿನ್ ಬೆಲೆ. ಆಟಕ್ಕೆ ಮೂರು ಓಪನ್ ಫ್ರೇಮ್ (ಪಿನ್ ಉಳಿದೇ ಹೋದ ಫ್ರೇಮ್) ಕಡಿಮೆ ಮಾಡಿದರೆ ಕಳೆದುಹೋದ 30 ವಾಪಸ್ ಬಂತು. ಕಷ್ಟದ ಆಯಿಲ್‌ನಲ್ಲಿ ಸ್ಟ್ರೈಕ್ ಬೆನ್ನು ಹತ್ತಿದವರು ಸ್ಪ್ಲಿಟ್ (ಪಿನ್‌ಗಳು ದೂರ ದೂರ ಉಳಿಯುವುದು) ಮಾಡಿಕೊಂಡು ಸೋಲುವುದನ್ನು ತುಂಬಾ ನೋಡಿದ್ದೇನೆ. ಗೆಲ್ಲುವವರು ಬಾಲ್ ಅನ್ನು ಪಾಕೆಟ್ ಹತ್ತಿರ ಇಟ್ಟು, ಉಳಿದ ಪಿನ್ ಬಿಡದೆ ತೆಗೆಯುವವರು.

ಹಾಗಾಗಿ ದುಡ್ಡು ಖರ್ಚು ಮಾಡಲೇಬೇಕು ಅನಿಸಿದರೆ ಒಂದು ಪ್ಲಾಸ್ಟಿಕ್ ಸ್ಪೇರ್ ಬಾಲ್ ತಗೊಳ್ಳಿ. ಬೆಲೆಯೂ ಕಡಿಮೆ. ಅದನ್ನು ನೇರವಾಗಿ ಎಸೆದರೆ ಆಯಿಲ್ ಹೇಗಿದ್ದರೂ ಹೆಚ್ಚು ತಿರುಗುವುದಿಲ್ಲ. 10ನೇ ಪಿನ್ (ಬಲ ಮೂಲೆಯದು) ಉಳಿದಾಗ ಎಡಗಡೆ ನಿಂತು, ಲೇನ್ ಮೇಲೆ ಗುರಿಗೆಂದು ಇರುವ ಬಾಣಗಳಲ್ಲಿ ನಡುವಿನದರ ಮೇಲಿಂದ ಅಡ್ಡವಾಗಿ ಹಾಕಿ. ಈ ಒಂದು ಪಿನ್ ಕೈವಶ ಆದರೆ ಧೈರ್ಯ ತಾನಾಗಿ ಬರುತ್ತದೆ.

ಮೊದಲ ಎಸೆತಕ್ಕೆ ಬರೋಣ. ಪ್ಯಾಟರ್ನ್ ಉದ್ದದಿಂದ 31 ಕಳೆಯುವ ರೂಢಿ ಇದೆ. ನಿಮ್ಮದು 43, ಉಳಿದದ್ದು 12. ಆಯಿಲ್ ಮುಗಿಯುವ ಹೊತ್ತಿಗೆ ಬಾಲ್ ಬಲದಿಂದ 12ನೇ ಬೋರ್ಡ್ ಹತ್ತಿರ ಇರಬೇಕು. ಹೌಸ್ ಪ್ಯಾಟರ್ನ್ ಅಭ್ಯಾಸದಲ್ಲಿ ನೀವು 5ನೇ ಬೋರ್ಡ್‌ವರೆಗೂ ಹೊರಗೆ ಹಾಕುತ್ತಿದ್ದರೆ ಇಲ್ಲಿ ಅದು ವಾಪಸ್ ಬರುವುದಿಲ್ಲ. ಬಲದಿಂದ ಮೂರನೇ ಬಾಣದ ಮೇಲಿಂದ, ಆದಷ್ಟು ನೇರ ದಾರಿಯಲ್ಲಿ ಶುರು ಮಾಡಿ. ಇದು ಆರಂಭದ ಅಂದಾಜು ಅಷ್ಟೇ, ಆಮೇಲೆ ಬಾಲ್ ಹೇಳಿದಂತೆ ಕೇಳಬೇಕು.

ಯಾಕಂದ್ರೆ ಆಯಿಲ್ ಇದ್ದ ಹಾಗೆ ಇರುವುದಿಲ್ಲ. ಎಲ್ಲರ ರಿಯಾಕ್ಟಿವ್ ಬಾಲ್‌ಗಳು ಅದನ್ನು ಹೀರಿಕೊಂಡು ಹೋಗುತ್ತವೆ. ಎರಡನೇ ಆಟದ ಹೊತ್ತಿಗೆ ನೀವು ಆಡುವ ದಾರಿ ಒಣಗಿ, ಬಾಲ್ ಬೇಗ ತಿರುಗಿ ಹೆಡ್ ಪಿನ್‌ಗೆ ನೇರ ಬಡಿಯತೊಡಗುತ್ತದೆ. ಆಗ ಕಾಲು ಎರಡು ಬೋರ್ಡ್ ಎಡಕ್ಕೆ, ಗುರಿ ಒಂದು ಬೋರ್ಡ್ ಎಡಕ್ಕೆ. ಬಾಲ್ ಪಾಕೆಟ್ ಮುಟ್ಟದೆ ಬಲದಲ್ಲೇ ಉಳಿದರೆ ಬಲಕ್ಕೆ ಸರಿಯಿರಿ. ಆದರೆ ಎಸೆತ ಸರಿಯಾಗಿ ಬಿದ್ದೂ ಹಾಗಾಗಿದ್ದರೆ ಮಾತ್ರ. ಗುರಿ ತಪ್ಪಿದ ಎಸೆತ ನೋಡಿ ಜಾಗ ಬದಲಿಸಬೇಡಿ. ಸಿಟ್ಟಿಗೆ ಜೋರಾಗಿ ಎಸೆಯುವುದಂತೂ ಬೇಡವೇ ಬೇಡ. ವೇಗ, ಕೈ, ಗುರಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ. ಲೀಗ್‌ನಲ್ಲಿ ಅಕ್ಕಪಕ್ಕದ ಎರಡು ಲೇನ್‌ನಲ್ಲಿ ಆಡುತ್ತೀರಲ್ಲ, ಅವೆರಡೂ ಒಂದೇ ತರ ಇರಬೇಕೆಂದಿಲ್ಲ. ಎರಡಕ್ಕೂ ಬೇರೆ ಬೇರೆ ಜಾಗ ನೆನಪಿಟ್ಟುಕೊಳ್ಳಿ.

ಲೇನ್ ಇಲ್ಲದೆ ಅಭ್ಯಾಸ ಹೇಗೆ ಅಂದರೆ, ಮನೆಯಲ್ಲಿ ನುಣುಪಾದ ಶಹಾಬಾದ್ ಪರಸಿ ಇದ್ದರೆ ಸಾಕು. ಕಾಲುಚೀಲ ಹಾಕಿಕೊಂಡು, ಬಾಲ್ ಇಲ್ಲದೆ ಹೆಜ್ಜೆ ಹಾಕಿ, ಎಡಗಾಲು ಜಾರಿಸಿ ನಿಲ್ಲಿ. ಕೈ ಮುಂದೆ ಚಾಚಿ, ಅಲುಗಾಡದೆ ಐದು ಎಣಿಸಿ. ನಿಂತ ನಿಲುವು ಗಟ್ಟಿ ಆದರೆ ಎರಡು ಬೋರ್ಡ್‌ನ ಆಚೀಚೆ ತಾನಾಗಿ ಕಡಿಮೆ ಆಗುತ್ತದೆ. ಹೈದರಾಬಾದ್‌ನಿಂದ ವಾಪಸ್ ಬರುವಾಗ ಜಹೀರಾಬಾದ್ ಬರುವ ಮುಂಚೆಯೇ ಆ ದಿನ ಯಾವ ಪಿನ್ ಎಷ್ಟು ಸಲ ಉಳಿಯಿತು, ಯಾವುದು ತಪ್ಪಿತು ಅಂತ ಬರೆದಿಡಿ. ಮುಂದಿನ ವಾರ ಅಭ್ಯಾಸದ ಎಸೆತಗಳಲ್ಲಿ ಅದೇ ಪಿನ್‌ಗೆ ಗುರಿ ಇಡಿ.

ಪ್ರಶ್ನೆ: ಆಟದ ನಡುವೆ ಬಾಲ್ ಮೇಲೆ ಆಯಿಲ್ ಗೆರೆ ಬೀಳುತ್ತದೆ. ಸ್ಪಿರಿಟ್ ಹಾಕಿ ಒರೆಸಬಹುದೇ? (ಕಲಬುರಗಿಯ ಓದುಗರು)

ಉತ್ತರ: ಅಮೆರಿಕದ ಬೌಲಿಂಗ್ ಸಂಸ್ಥೆ ಯುಎಸ್‌ಬಿಸಿ ನಿಯಮದಂತೆ ನಡೆಯುವ ಲೀಗ್ ಆದರೆ ಮೊದಲು ಲೀಗ್ ನಡೆಸುವವರನ್ನು ಕೇಳಿ. 2019ರ ಆಗಸ್ಟ್ 1ರಿಂದ ಸ್ಪರ್ಧೆ ನಡೆಯುವಾಗ ಒಣ ಟವೆಲ್ ಮಾತ್ರ ಬಳಸಬೇಕು ಎಂಬ ನಿಯಮ ಬಂದಿತ್ತು, ಆಮೇಲೆ ಅದು ಬದಲಾಗಿರಬಹುದು. ಉಜ್ಜುವ ಪ್ಯಾಡ್‌ನಿಂದ ಬಾಲ್ ಮೈಯನ್ನು ಒರಟು ಮಾಡುವುದಿದ್ದರೂ ಆಟ ಶುರುವಾಗುವ ಮುಂಚೆಯೇ ಮಾಡಬೇಕು. ಪ್ರತಿ ಎಸೆತಕ್ಕೂ ಮೊದಲು ಮೈಕ್ರೋಫೈಬರ್ ಟವೆಲ್‌ನಿಂದ ಆ ಗೆರೆ ಹೋಗುವ ಹಾಗೆ ಒರೆಸಿ. ಕ್ಲೀನರ್ ಹಾಕುವುದಾದರೆ ಕೊನೆಯ ಆಟ ಮುಗಿದ ತಕ್ಷಣ ಹಾಕಿ. ತಡ ಮಾಡಿದಷ್ಟೂ ಆಯಿಲ್ ಒಳಗೆ ಇಳಿಯುತ್ತದೆ.