ಪ್ರತಿಕ್ರಿಯೆ: ವಿಜಯನಗರದ ರೂಮೋ, ಆಫೀಸ್ ಹತ್ತಿರದ ಪಿಜಿಯೋ?

ಹಾಸನದ ಗೆಳೆಯರ ಜೊತೆ ಬೆಂಗಳೂರಿನ ವಿಜಯನಗರದಲ್ಲೇ ಇರಲಾ, ಇಲ್ಲ ವೈಟ್‌ಫೀಲ್ಡ್ ಕಡೆಯ ಐಟಿಪಿಎಲ್ ಟೆಕ್ ಪಾರ್ಕ್‌ನ ಆಫೀಸ್ ಪಕ್ಕ ಪಿಜಿ ಹಿಡಿಯಲಾ ಅಂತ ಕೇಳಿದ್ದೀರಿ. ನಾನು ಎರಡೂ ಮಾಡಿ ನೋಡಿದವನು. ವಿಜಯನಗರ ಬಿಡಬೇಡಿ.

2023ರ ಅಕ್ಟೋಬರ್‌ಗೆ ಮುಂಚೆ ಕೇಳಿದ್ದರೆ ಬೇರೆ ಮಾತು ಹೇಳುತ್ತಿದ್ದೆ. ಈಗ ಮೆಟ್ರೋದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಒಂದೇ ಎಳೆ. ರೈಲು ಬದಲಿಸೋ ತಲೆನೋವಿಲ್ಲ. ಪಟ್ಟಂದೂರು ಅಗ್ರಹಾರದಲ್ಲಿ ಇಳಿದರೆ ಐಟಿಪಿಎಲ್. ಹೆಚ್ಚುಕಮ್ಮಿ ಒಂದು ಗಂಟೆ, ಅಷ್ಟೆ. ಮೆಜೆಸ್ಟಿಕ್‌ನಲ್ಲಿ ಬಾಗಿಲ ಹತ್ತಿರ ಮಾತ್ರ ನಿಲ್ಲಬೇಡಿ. ಇಳಿಯುವವರು ನಿಮ್ಮನ್ನೂ ಎಳೆದುಕೊಂಡು ಹೋಗುತ್ತಾರೆ! ಬ್ಯಾಗನ್ನು ಎದೆಗೆ ಹಾಕಿಕೊಂಡು ಸೀಟುಗಳ ನಡುವೆ ನುಗ್ಗಿಬಿಡಿ. ಊಟದ ಡಬ್ಬಿಯಲ್ಲಿ ಸಾರು ಬೇಡ. ನನ್ನ ಬಿಳಿ ಶರ್ಟಿನ ಮೇಲೆ ಹುರುಳಿ ಸಾರಿನ ಕಲೆ ಇನ್ನೂ ಇದೆ.

ಖರ್ಚು ನಿಜ. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಹೋಗಿಬರೋ ದುಡ್ಡನ್ನು ಬಾಡಿಗೆ ಜೊತೆ ಸೇರಿಸಿ ಲೆಕ್ಕ ಹಾಕಿ. ಸ್ಮಾರ್ಟ್ ಕಾರ್ಡ್ ಮಾಡಿಸಿಕೊಳ್ಳಿ, ಸ್ವಲ್ಪ ರಿಯಾಯಿತಿ ಸಿಗುತ್ತೆ.

ನಾನು ಆಫೀಸ್ ಪಕ್ಕದ ಪಿಜಿಯಲ್ಲಿ ಎಂಟು ತಿಂಗಳಿದ್ದೆ. ನಡೆದರೆ ಹತ್ತು ನಿಮಿಷ. ಆದರೆ ಏಳಕ್ಕೆ ರೂಮಿಗೆ ಬಂದು ಮಾಡೋದೇನು? ಸುಮ್ನೆ ಫೋನ್ ನೋಡಿಕೊಂಡು ಬಿದ್ದಿರುತ್ತಿದ್ದೆ. ಮ್ಯಾನೇಜರ್‌ಗೂ ಗೊತ್ತಾಗಿಬಿಟ್ಟಿತ್ತು, 'ಇಲ್ಲೇ ಇದ್ದೀಯಲ್ವಾ, ಬಂದು ಹೋಗು' ಅಂತ ಶನಿವಾರವೂ ಕರೆಯುತ್ತಿದ್ದರು. ಈಗ ಎಂಟೂವರೆಗೆ ಬಾಗಿಲು ತೆಗೆದರೆ ಒಬ್ಬ ಈರುಳ್ಳಿ ಹೆಚ್ಚುತ್ತಿರುತ್ತಾನೆ, ಇನ್ನೊಬ್ಬ ಪಾತ್ರೆ ಯಾರ ಸರದಿ ಅಂತ ಜಗಳ ತೆಗೆದಿರುತ್ತಾನೆ.

ನೈಟ್ ಶಿಫ್ಟ್ ಇದ್ದರೆ ಮಾತ್ರ ಲೆಕ್ಕ ಬೇರೆ, ಆಗ ಮೆಟ್ರೋ ಇರಲ್ಲ. ನಿಮ್ಮ ಟೈಮಿಂಗ್ ಏನು?