ಫ್ರಾನ್ಸ್, ಜರ್ಮನಿ ಹತ್ತಿರವಾಗಿದ್ದು ಬರೀ ವ್ಯಾಪಾರದಿಂದಲ್ಲ

ಅಷ್ಟೊಂದು ಯುದ್ಧ ಮಾಡಿದ ಫ್ರಾನ್ಸ್, ಜರ್ಮನಿ ಜನರ ಮನಸ್ಸು ವ್ಯಾಪಾರದಿಂದಲೇ ಬದಲಾಯಿತಾ ಅಂತ ಕೇಳಿದ್ದೀರಿ. ಎರಡೂ ದೇಶಗಳ ಕಲ್ಲಿದ್ದಲು, ಉಕ್ಕಿನ ವ್ಯಾಪಾರವನ್ನು ಒಟ್ಟುಗೂಡಿಸಿದ 1951ರ ಒಪ್ಪಂದ ದಾರಿ ತೆರೆಯಿತು, ನಿಜ. ಆದರೆ ನನ್ನ ಪ್ರಕಾರ ಜಾಸ್ತಿ ಕೆಲಸ ಮಾಡಿದ್ದು ಎರಡೂ ದೇಶಗಳ ನಡುವಿನ 1963ರ ಸ್ನೇಹ ಒಪ್ಪಂದದಿಂದ (ಎಲಿಸೆ ಒಪ್ಪಂದ) ಬಂದ ಯುವಜನ ವಿನಿಮಯ. ಫ್ರೆಂಚ್ ಹುಡುಗಿ ಜರ್ಮನ್ ಮನೆಯಲ್ಲಿ ಉಳಿದು, ಅವರ ಜೊತೆ ಉಂಡು, ಅವರ ಶಾಲೆಗೆ ಹೋಗುತ್ತಾಳೆ. ಆಮೇಲೆ ಆ ಮನೆಯ ಹುಡುಗಿ ಇವಳ ಮನೆಗೆ ಬರುತ್ತಾಳೆ. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದರು: ಎರಡು ಗುಂಪುಗಳ ನಡುವಿನ ಪೂರ್ವಗ್ರಹ ಕರಗಲು ಸುಮ್ನೆ ಭೇಟಿಯಾದರೆ ಸಾಲದು, ಇಬ್ಬರೂ ಸರಿಸಮಾನರಾಗಿರಬೇಕು, ಕೂಡಿ ಮಾಡುವ ಕೆಲಸ ಇರಬೇಕು, ಮೇಲಿನವರ ಬೆಂಬಲವೂ ಬೇಕು. ಇಲ್ಲಿ ಎಲ್ಲವೂ ಕೂಡಿಬಂತು. 2006ರಲ್ಲಿ ಎರಡೂ ದೇಶಗಳ ಪ್ರೌಢಶಾಲೆಗೆ ಜಂಟಿ ಇತಿಹಾಸ ಪುಸ್ತಕವೂ ಬಂತು. ಅದರ ಬಗ್ಗೆ ಖಂಡಿತ ಓದಿ ನೋಡಿ.